ನಮ್ಮ ತಾಟಿನ ಪರದೇಶವನ್ನು ತೋರಿಸಿಕೊಟ್ಟ ಬಿ.ಜಿ.ಎಲ್. ಸ್ವಾಮಿ

ಘೋಡಗೇರಿ: ಹುಕ್ಕೇರಿ ತಾಲ್ಲೂಕಿನ ಈ ಊರಿನಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತವರ ತಾಟನ್ನೊಮ್ಮೆ ನೋಡಿ. ಬಿಳಿಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಅಂಚಿನಲ್ಲಿ ಕೆಂಪು ಖಾರ, ಒಂದಿಷ್ಟು ಬಟಾಟಿ ಪಲ್ಯ. ಮನೆಗೆ ನೆಂಟರು ಬಂದಿದ್ದರೆ ಗೋಕಾಕದಿಂದ ತರಿಸಿದ ಕರದಂಟು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಯಾರನ್ನು ಕೇಳಿದರೂ ಇದು ಅಜ್ಜ-ಮುತ್ತಜ್ಜರ ಕಾಲದ ಅಪ್ಪಟ ಸ್ಥಳೀಯ ಊಟವೆಂದೇ ಹೇಳುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಶೇಂಗಾ, ಮೆಣಸಿನಕಾಯಿ, ಬಟಾಟಿ, ಕರದಂಟಿನೊಳಗಿನ ಗೋಡಂಬಿ ಇವುಗಳಲ್ಲಿ ಒಂದೂ ಐದೂವರೆ ಶತಮಾನಗಳ ಹಿಂದೆ ಈ ನೆಲದಲ್ಲಿ ಇರಲಿಲ್ಲ. ಅವೆಲ್ಲ ಅಟ್ಲಾಂಟಿಕ್ ಸಾಗರದ ಆಚೆಯಿಂದ ಬಂದವು.

ಈ ಸಂಗತಿಯನ್ನು ಕನ್ನಡಿಗರ ಮನೆಮಾತಾಗಿಸಿದವರು ಸಸ್ಯವಿಜ್ಞಾನಿ ಹಾಗೂ ಸಾಹಿತಿ ಬಿ.ಜಿ.ಎಲ್. ಸ್ವಾಮಿ. ಅವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ಪುಸ್ತಕದ ಹೆಸರನ್ನು ಕೇಳಿದೊಡನೆ ನಗು ಬರುತ್ತದೆ, ಓದಿ ಮುಗಿಸಿದ ಮೇಲೆ ನಿತ್ಯದ ಊಟ ಮೊದಲಿನಂತೆ ಕಾಣುವುದಿಲ್ಲ. ಲೋಕವನ್ನು ಸುತ್ತಿ ಅಲ್ಲಲ್ಲಿನ ಊಟದ ರುಚಿ ಕಂಡು ಬರೆದ ಪ್ರವಾಸಿಗರು ಅನೇಕರಿದ್ದಾರೆ. ಸ್ವಾಮಿಯವರು ನಮ್ಮ ಅಡುಗೆಮನೆಯಲ್ಲೇ ಲೋಕ ಸುತ್ತಿ ಬಂದ ಸಸ್ಯಗಳ ಜಾಡು ಹಿಡಿದವರು.

ಡಿವಿಜಿಯವರ ಮಗ

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿಯವರು ಜನಿಸಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪನವರು ಪತ್ರಕರ್ತರಾಗಿ, ಕವಿಯಾಗಿ, ಚಿಂತಕರಾಗಿ ನಾಡಿಗೇ ಪರಿಚಿತರು. ತಾಯಿ ಭಾಗೀರಥಮ್ಮನವರನ್ನು ಸ್ವಾಮಿಯವರು ಎಳವೆಯಲ್ಲಿಯೇ ಕಳೆದುಕೊಂಡರು. ಮನೆಯ ತುಂಬ ಪುಸ್ತಕ, ಪತ್ರಿಕೆ, ಪಂಡಿತರ ಒಡನಾಟ. ಅಂತಹ ಮನೆಯ ಮಗ ಸಾಹಿತ್ಯವನ್ನೋ ತತ್ತ್ವಶಾಸ್ತ್ರವನ್ನೋ ಆರಿಸಿಕೊಂಡಿದ್ದರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಸ್ವಾಮಿಯವರು ಹಿಡಿದದ್ದು ಸೂಕ್ಷ್ಮದರ್ಶಕವನ್ನು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡಿ 1939ರಲ್ಲಿ ಆನರ್ಸ್ ಪದವಿ ಪಡೆದರು. ಸೀತಾಳೆ ಹೂಗಳೆಂದು ನಾವು ಕರೆಯುವ ಆರ್ಕಿಡ್ ಸಸ್ಯಗಳಲ್ಲಿ ಭ್ರೂಣ ಬೆಳೆಯುವ ಬಗೆ ಅವರ ಆರಂಭದ ಸಂಶೋಧನೆಯ ವಿಷಯವಾಯಿತು. 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪದವಿ ಅವರಿಗೆ ಸಂದಿತು.

ಹಾರ್ವರ್ಡ್‌ನ ದಿನಗಳು

ಅಲ್ಲಿಂದ ಅವರ ದಾರಿ ಅಮೆರಿಕದ ಕಡೆಗೆ ತಿರುಗಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಇರ್ವಿಂಗ್ ಬೈಲಿ ಆ ಕಾಲದಲ್ಲಿ ಸಸ್ಯಗಳ ಒಳರಚನೆಯ ಅಧ್ಯಯನದಲ್ಲಿ ಜಗತ್ತಿನ ದೊಡ್ಡ ಹೆಸರು. ಅವರೊಡನೆ ಕೆಲಸ ಮಾಡಿದ ಸ್ವಾಮಿಯವರು ಫಿಜಿ ದ್ವೀಪದ ಡಿಜಿನೀರಿಯ ಎಂಬ ಪ್ರಾಚೀನ ಲಕ್ಷಣಗಳುಳ್ಳ ಮರವನ್ನು ಕುರಿತು 1949ರಲ್ಲಿ ಪ್ರಬಂಧ ಪ್ರಕಟಿಸಿದರು. ಹೂವಿನ ಅಂಡಕೋಶವು ಮೂಲತಃ ಮಡಿಚಿಕೊಂಡ ಎಲೆಯಂತಹ ರಚನೆ ಎಂಬ ವಾದವನ್ನು ಗುರುಶಿಷ್ಯರಿಬ್ಬರೂ ಸೇರಿ 1951ರಲ್ಲಿ ಮಂಡಿಸಿದರು. ಸಸ್ಯಶಾಸ್ತ್ರದ ಚರಿತ್ರೆಯಲ್ಲಿ ಅದು ಇಂದಿಗೂ ಉಲ್ಲೇಖವಾಗುವ ಬರಹ. ಸಾರ್ಕಾಂಡ್ರ ಕುಲದ ಒಂದು ಸಸ್ಯಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟು ಋಣ ತೀರಿಸಿಕೊಂಡರು.

ಇದೇ ಸಾರ್ಕಾಂಡ್ರದ ಕಾಂಡದಲ್ಲಿ ನೀರು ಸಾಗಿಸುವ ನಾಳಗಳಿಲ್ಲ ಎಂದು ಇಬ್ಬರೂ 1950ರಲ್ಲಿ ಬರೆದಿದ್ದರು. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅವು ಇವೆಯೆಂದು ತೋರಿಸಿದರು. ವಿಜ್ಞಾನದಲ್ಲಿ ನಿನ್ನೆಯ ನಿರ್ಣಯ ಇಂದು ಬದಲಾಗುವುದು ಸಹಜ. ಸ್ವಾಮಿಯವರು ಊಟದ ಬಗ್ಗೆ ಬರೆದುದನ್ನೂ ನಾವು ಹಾಗೆಯೇ, ಇಂದಿನ ತಿಳಿವಳಿಕೆಯ ಬೆಳಕಿನಲ್ಲಿ ಓದಬೇಕಾಗುತ್ತದೆ.

ಅಮೆರಿಕದ ಆ ವರ್ಷಗಳ ಅನುಭವವನ್ನು ಅವರು 'ಅಮೆರಿಕದಲ್ಲಿ ನಾನು' ಎಂಬ ಕೃತಿಯಲ್ಲಿ ಬರೆದಿದ್ದಾರೆ. ಸ್ವಾಮಿಯವರು ಹೋಗಿ ನಿಂತದ್ದು ನಮ್ಮ ಅನೇಕ ತರಕಾರಿ, ಕಾಳುಗಳ ತವರು ಖಂಡದಲ್ಲಿ ಎಂಬುದು ಇಲ್ಲಿ ಗಮನಾರ್ಹ. ಮೆಕ್ಕೆಜೋಳ, ಹುರುಳಿಕಾಯಿ ಎಂದು ನಾವು ಕರೆಯುವ ಬೀನ್ಸ್, ಸಿಹಿಗುಂಬಳ ಈ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುವುದು ಆ ಖಂಡದ ಮೂಲನಿವಾಸಿಗಳ ಹಳೆಯ ಪದ್ಧತಿ. ಜೋಳದ ದಂಟನ್ನು ಹಿಡಿದು ಬಳ್ಳಿ ಹಬ್ಬುತ್ತದೆ, ಬಳ್ಳಿಯ ಬೇರು ನೆಲಕ್ಕೆ ಸಾರ ಕೊಡುತ್ತದೆ, ಕುಂಬಳದ ಎಲೆ ಕಳೆಯನ್ನು ತಡೆಯುತ್ತದೆ. ಅದೇ ಹಾರ್ವರ್ಡ್‌ನಲ್ಲಿ ಆ ದಿನಗಳಲ್ಲಿಯೇ ಪಾಲ್ ಮ್ಯಾಂಗಲ್ಸ್‌ಡಾರ್ಫ್ ಮೆಕ್ಕೆಜೋಳದ ಮೂಲವನ್ನು ಶೋಧಿಸುತ್ತಿದ್ದರು. ಬೆಳೆಗಳ ಹುಟ್ಟೂರನ್ನು ಹುಡುಕುವ ಶಾಸ್ತ್ರ ಆಗ ಬಹಳ ಚುರುಕಾಗಿ ಬೆಳೆಯುತ್ತಿತ್ತು. ರಷ್ಯಾದ ನಿಕೊಲಾಯ್ ವವಿಲೋವ್ ಇದಕ್ಕಾಗಿ ಖಂಡಖಂಡಗಳನ್ನು ಸುತ್ತಿ ಬೀಜ ಸಂಗ್ರಹಿಸಿದ್ದರು. ಲೋಕದ ಹಸಿವು ನೀಗಲೆಂದು ದುಡಿದ ಅವರು 1943ರಲ್ಲಿ ಸ್ಟಾಲಿನ್ ಆಡಳಿತದ ಸೆರೆಮನೆಯಲ್ಲಿ ಹಸಿವಿನಿಂದ ಬಳಲಿ ಪ್ರಾಣಬಿಟ್ಟರು.

ಮದರಾಸಿನ ಮೇಷ್ಟ್ರು

ಸ್ವದೇಶಕ್ಕೆ ಮರಳಿದ ಸ್ವಾಮಿಯವರು 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಪರಭಾಷೆಯ ಊರಿನಲ್ಲಿ ಕುಳಿತು ಅವರು ಕನ್ನಡದಲ್ಲಿ ಬರೆದರು. 'ಕಾಲೇಜು ರಂಗ', 'ಕಾಲೇಜು ತರಂಗ', 'ಪ್ರಾಧ್ಯಾಪಕನ ಪೀಠದಲ್ಲಿ', 'ತಮಿಳು ತಲೆಗಳ ನಡುವೆ' ಕೃತಿಗಳಲ್ಲಿ ವಿದ್ಯಾಲೋಕದ ಡಂಭ, ಪ್ರಾಚೀನತೆಯ ಪೊಳ್ಳು ಹೆಮ್ಮೆ ಎರಡನ್ನೂ ಅವರು ಲೇವಡಿ ಮಾಡದೆ ಬಿಡಲಿಲ್ಲ. ಪುರಾವೆ ಎಲ್ಲಿ ಎಂಬುದು ಅವರ ಬರವಣಿಗೆಯ ಉದ್ದಕ್ಕೂ ಕೇಳಿಬರುವ ಪ್ರಶ್ನೆ. ಈ ಪ್ರಶ್ನೆಯಿಂದಾಗಿ ಅವರು ವಿವಾದಗಳನ್ನೂ ಎದುರಿಸಬೇಕಾಯಿತು.

ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ನಡೆಸಿದ ಸಸ್ಯಯಾತ್ರೆಗಳ ಫಲವೇ 'ಹಸುರು ಹೊನ್ನು'. ಗಿಡದ ಶಾಸ್ತ್ರೀಯ ವಿವರ, ಜನ ಅದಕ್ಕಿಟ್ಟ ಹೆಸರು, ಅದರ ಉಪಯೋಗ, ಜೊತೆಗೆ ಪಡ್ಡೆ ಹುಡುಗರ ತಮಾಷೆ ಎಲ್ಲವೂ ಅಲ್ಲಿ ಒಟ್ಟೊಟ್ಟಿಗೆ ಸಾಗುತ್ತವೆ. ಚಿತ್ರಗಳನ್ನು ಬರೆದವರೂ ಅವರೇ. ಈ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಂದೆ ಡಿವಿಜಿಯವರಿಗೆ ಇದೇ ಪ್ರಶಸ್ತಿ 1967ರಲ್ಲಿ ಸಂದಿತ್ತು. ಮಗನಿಗೆ ಪ್ರಶಸ್ತಿ ಬರುವ ಹೊತ್ತಿಗೆ ತಂದೆ ಬದುಕಿರಲಿಲ್ಲ, 1975ರಲ್ಲಿ ತೀರಿಕೊಂಡಿದ್ದರು.

ಹೆಸರಿನಲ್ಲಿ ಅಡಗಿದ ಗುಟ್ಟು

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಕೃತಿ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿಗಳಂತಹ ದಿನಬಳಕೆಯ ವಸ್ತುಗಳ ಪೂರ್ವೋತ್ತರವನ್ನು ಜಾಲಾಡುತ್ತದೆ. ಶೀರ್ಷಿಕೆಯ ದಕ್ಷಿಣ ಅಮೆರಿಕವನ್ನು ತುಸು ವಿಶಾಲವಾಗಿ ಗ್ರಹಿಸಬೇಕು. ಇವುಗಳಲ್ಲಿ ಕೆಲವು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದವು. ಈ ಪುಸ್ತಕ ತೆರೆದ ಹಾದಿಯಲ್ಲಿ ಘೋಡಗೇರಿಯ ತಾಟನ್ನು ಮತ್ತೊಮ್ಮೆ ಪರಿಶೀಲಿಸಬಹುದು.

ಮೊದಲು ಮೆಣಸಿನಕಾಯಿ. ಕೊಲಂಬಸ್ 1492ರಲ್ಲಿ ಹುಡುಕಿ ಹೊರಟದ್ದು ನಮ್ಮ ಕರಿಮೆಣಸಿನ ನಾಡನ್ನು, ಅವನಿಗೆ ಸಿಕ್ಕಿದ್ದು ಬೇರೆಯೇ ಒಂದು ಖಾರ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಆ ಖಾರ ನಮ್ಮ ತೀರಕ್ಕೂ ಬಂದಿತು. ಮುಂಬಯಿ ಕಡೆಯಲ್ಲಿ ಅದಕ್ಕೆ ಗೋವೆಯ ಮೆಣಸಿನಕಾಯಿ ಎಂಬ ಹೆಸರೂ ಇತ್ತು. ಕನ್ನಡಿಗರು ಹೊಸ ಕಾಯಿಗೆ ಹೊಸ ಪದ ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನಂತೆ ಉರಿಯುವ ಕಾಯಿ ಮೆಣಸಿನಕಾಯಿ ಆಯಿತು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಎರಡಕ್ಕೂ ಯಾವ ನಂಟೂ ಇಲ್ಲ. ಮೆಣಸಿನಕಾಯಿ ಬದನೆಯ ಬಳಗಕ್ಕೆ ಸೇರಿದ್ದು. ಕೊಳ್ಳೇಗಾಲದಲ್ಲಿ ಜನಿಸಿದ ಆಹಾರ ಇತಿಹಾಸಕಾರ ಕೆ.ಟಿ. ಅಚಯ ಅವರು ಪುರಂದರದಾಸರ ಕಾಲಕ್ಕಾಗಲೇ ಈ ಕಾಯಿ ಕನ್ನಡ ನಾಡನ್ನು ತಲುಪಿತ್ತೆಂದು ದಾಸರ ರಚನೆಯೊಂದರ ಆಧಾರದಿಂದ ಸೂಚಿಸಿದ್ದಾರೆ. ಇಂದು ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರು ಹೊತ್ತ ತಳಿ ಗಡಿಯಾಚೆ ಕೊಲ್ಹಾಪುರದ ಅಡುಗೆಯಲ್ಲೂ ಪ್ರಸಿದ್ಧ. ಪರದೇಶದ ಗಿಡಕ್ಕೆ ಊರ ಹೆಸರು ಅಂಟಿಕೊಂಡಿತು.

ಇದೇ ರೀತಿ ಮೆಕ್ಕೆಜೋಳ. ಇದಕ್ಕೆ ಹಳೆ ಮೈಸೂರಿನಲ್ಲಿ ಮುಸುಕಿನ ಜೋಳ, ಉತ್ತರದಲ್ಲಿ ಗೋವಿನಜೋಳ ಎಂಬ ಹೆಸರುಗಳು. ಬೆಳಗಾವಿ ಸೀಮೆಯ ಆಡುಮಾತಿನಲ್ಲಿ ಅದು ಗೊಂಜಾಳ. ಹಳೆಯ ಜೋಳದ ಹೆಸರೇ ಹೊಸ ಕಾಳಿಗೆ ದಕ್ಕಿತು. ಪಪ್ಪಾಯಿಯನ್ನು ಮಾತ್ರ ಪರಂಗಿ ಹಣ್ಣೆಂದು ಕರೆದು ಅದರ ವಿದೇಶೀ ಮೂಲವನ್ನು ಜನ ನೆನಪಿಟ್ಟುಕೊಂಡರು. ಬಟಾಟಿ, ಪೇರಲ, ಅನಾನಸ್ ಪೋರ್ಚುಗೀಸರ ನಾಲಗೆಯಿಂದ ನಮ್ಮ ನಾಲಗೆಗೆ ಬಂದ ಮಾತುಗಳು. ಇವೆಲ್ಲಕ್ಕಿಂತ ಸೋಜಿಗದ್ದು ಸೀತಾಫಲ ಮತ್ತು ರಾಮಫಲಗಳ ಕಥೆ. ರಾಮಾಯಣದ ದಂಪತಿಯ ಹೆಸರು ಪಡೆದಿರುವ ಈ ಎರಡೂ ಮರಗಳು ಅಮೆರಿಕದ ಉಷ್ಣವಲಯದಿಂದ ಬಂದವು.

ಶೇಂಗಾದ ತವರು ಬೊಲಿವಿಯಾ ಹಾಗೂ ಅರ್ಜೆಂಟೀನಾ ಗಡಿಯ ಆಸುಪಾಸು. ಹೂವು ನೆಲದ ಮೇಲೆ ಅರಳಿ ಕಾಯಿ ನೆಲದೊಳಗೆ ಬಲಿಯುವ ಈ ವಿಚಿತ್ರ ಗಿಡ ಎರಡು ಕಾಡುತಳಿಗಳ ಬೆರಕೆಯಿಂದ ಹುಟ್ಟಿದ್ದೆಂದು 2016ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೂ ದೃಢಪಡಿಸಿದೆ. ಆಲೂಗಡ್ಡೆ ಆಂಡಿಸ್ ಪರ್ವತದ್ದು. ಮೆಕ್ಕೆಜೋಳ ದಕ್ಷಿಣ ಮೆಕ್ಸಿಕೊದಲ್ಲಿ ಟಿಯೊಸಿಂಟೆ ಎಂಬ ಹುಲ್ಲಿನಿಂದ ಸುಮಾರು 9,000 ವರ್ಷಗಳ ಹಿಂದೆ ರೂಪುಗೊಂಡಿತು. ಹಾರ್ವರ್ಡ್‌ನ ಮ್ಯಾಂಗಲ್ಸ್‌ಡಾರ್ಫ್ ಅವರು ಇದನ್ನು ಒಪ್ಪಿರಲಿಲ್ಲ, ಈಗ ಅವರ ವಾದ ಬಿದ್ದುಹೋಗಿದೆ.

ಸೋಮನಾಥಪುರದ ತೆನೆ

ಸ್ವಾಮಿಯವರು ತೀರಿಕೊಂಡ ಕೆಲವು ವರ್ಷಗಳಲ್ಲಿ ಕರ್ನಾಟಕದ ಶಿಲ್ಪಗಳೇ ಈ ಚರ್ಚೆಯ ನಡುವೆ ಬಂದವು. ಸೋಮನಾಥಪುರವೂ ಸೇರಿದಂತೆ ಹೊಯ್ಸಳ ದೇಗುಲಗಳ ಮೂರ್ತಿಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸ್‌ಗಿಂತ ಮೊದಲೇ ಅದು ಭಾರತಕ್ಕೆ ಬಂದಿತ್ತು ಎಂದು ಅಮೆರಿಕದ ಇಬ್ಬರು ಸಂಶೋಧಕರು 1989ರಲ್ಲಿ ವಾದಿಸಿದರು. ಭಾರತದ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದನ್ನು ಅಲ್ಲಗಳೆದರು. ಮೆಕ್ಕೆಜೋಳದ ಅಷ್ಟು ಹಳೆಯ ಕಾಳು ಇಲ್ಲಿನ ಉತ್ಖನನಗಳಲ್ಲಿ ದೊರೆಯದಿರುವುದರಿಂದ ಬಹುಪಾಲು ವಿದ್ವಾಂಸರು ಈ ವಾದವನ್ನು ಒಪ್ಪಿಲ್ಲ. ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು ಎಂದು ಸಂಭ್ರಮಿಸುವುದು ಸುಲಭ. ಪುರಾವೆ ಎಲ್ಲಿ ಎಂದು ಕೇಳುವ ಸ್ವಾಮಿಯವರ ಅಭ್ಯಾಸ ಇಂತಹ ಹೊತ್ತಿನಲ್ಲಿ ನೆನಪಾಗುತ್ತದೆ.

ಉಪವಾಸದ ಹೊಟ್ಟೆಯಲ್ಲೂ ಅಮೆರಿಕ

ಆಚಾರವಂತರ ಮನೆಗಳಲ್ಲಿಯೂ ಈ ಪ್ರಯಾಣದ ಗುರುತುಗಳಿವೆ. ಹಳೆ ಮೈಸೂರಿನ ಹಲವು ವೈದಿಕ ಮನೆತನಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ನಿಷಿದ್ಧ. ಖಾರಕ್ಕೆ ಕರಿಮೆಣಸು ಮಾತ್ರ. ಅಟ್ಲಾಂಟಿಕ್ ದಾಟುವ ಮುಂಚಿನ ನಮ್ಮ ಅಡುಗೆ ಹೇಗಿತ್ತೆಂಬ ನೆನಪು ಪಿತೃಗಳ ಎಲೆಯ ಮೇಲೆ ಉಳಿದುಕೊಂಡಿದೆ.

ಉತ್ತರ ಕರ್ನಾಟಕದಲ್ಲಿ ಇದಕ್ಕೆ ತದ್ವಿರುದ್ಧವಾದ ದೃಶ್ಯ. ಏಕಾದಶಿ, ಶಿವರಾತ್ರಿಯ ಉಪವಾಸಕ್ಕೆ ಬೆಳಗಾವಿ ಜಿಲ್ಲೆಯ ಮನೆಗಳಲ್ಲಿ ಮಾಡುವುದು ಸಾಬೂದಾಣಿ, ಶೇಂಗಾ, ಬಟಾಟಿ, ಗೆಣಸು. ನಮ್ಮಲ್ಲಿ ಸಾಬೂದಾಣಿಯನ್ನು ತಯಾರಿಸುವ ಮರಗೆಣಸೂ ಸೇರಿದಂತೆ ಈ ನಾಲ್ಕೂ ಅಮೆರಿಕದವೇ. ಧಾನ್ಯ ಬಿಡಬೇಕೆಂಬ ವ್ರತದ ದಿನ ಹಳೆಯ ಪಟ್ಟಿಯಲ್ಲಿಲ್ಲದ ಹೊಸ ಗಡ್ಡೆ, ಕಾಳುಗಳಿಗೆ ದೇವರ ಮನೆಯ ಬಾಗಿಲೇ ತೆರೆಯಿತು. ಒಂದೆಡೆ ಹೊರಗಿನದೆಂದು ದೂರವಿಟ್ಟದ್ದು ಇನ್ನೊಂದೆಡೆ ಪವಿತ್ರವಾಯಿತು.

ಹಾಗಾದರೆ ನಮ್ಮದು ಯಾವುದು

ಜೋಳದ ರೊಟ್ಟಿಯಾದರೂ ನಮ್ಮದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಜೋಳ ಹುಟ್ಟಿದ್ದು ಈಶಾನ್ಯ ಆಫ್ರಿಕದಲ್ಲಿ. ಅಲ್ಲಿಂದ ಇಲ್ಲಿಗೆ ಬಂದು ಸಾವಿರಾರು ವರ್ಷಗಳಾದವು, ಅಷ್ಟೇ. ರಾಗಿಯೂ ಆಫ್ರಿಕದ ಎತ್ತರದ ಪ್ರದೇಶಗಳದ್ದು. ಚಟ್ನಿಪುಡಿಯ ಗುರೆಳ್ಳು ಇಥಿಯೋಪಿಯಾದ್ದು. ಬದನೆ, ತೊಗರಿ, ಹುರುಳಿ, ಎಳ್ಳು, ಕರಿಮೆಣಸು ಇವು ಭಾರತದಲ್ಲೇ ಬೇರುಬಿಟ್ಟ ಬೆಳೆಗಳು. ಎಣ್ಣೆಗಾಯಿಯ ಒಂದು ಬಟ್ಟಲಲ್ಲಿ ಭಾರತದ ಬದನೆಯ ಹೊಟ್ಟೆಯೊಳಗೆ ಆಫ್ರಿಕದ ಗುರೆಳ್ಳು, ಬೊಲಿವಿಯಾದ ಶೇಂಗಾ, ಅಮೆರಿಕದ ಮೆಣಸಿನಕಾಯಿ ಕೂಡಿವೆ. ಇಷ್ಟಾದರೂ ಎಣ್ಣೆಗಾಯಿ ನಮ್ಮದೇ. ಅದು ಇನ್ನೆಲ್ಲಿಯೂ ಹುಟ್ಟಲಿಲ್ಲ. ಬೀಜ ಎಲ್ಲಿಂದಲೋ ಬರಬಹುದು, ಅದನ್ನು ಹುರಿದು, ಕುಟ್ಟಿ, ತುಂಬಿ, ಹದ ಕಂಡುಕೊಂಡವರು ಈ ಸೀಮೆಯ ಹೆಣ್ಣುಮಕ್ಕಳು. ಬೆಳೆಗಳ ಮೂಲವನ್ನು ಸ್ವಾಮಿಯವರಂತಹ ವಿಜ್ಞಾನಿಗಳು ಹುಡುಕಿ ಬರೆದರು, ಅಡುಗೆಯ ಮೂಲಕರ್ತೃಗಳ ಹೆಸರು ಎಲ್ಲಿಯೂ ದಾಖಲಾಗಲಿಲ್ಲ.

ಪೆರುವಿನ ಅರೆಕಿಪಾ ನಗರದ ಕಡೆ ಒಕೋಪ ಎಂಬ ಖಾದ್ಯವಿದೆ. ಖಾರದ ಕಾಯಿ, ಶೇಂಗಾ, ಪರಿಮಳದ ಸೊಪ್ಪನ್ನು ಅರೆದು ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿಯುತ್ತಾರೆ. ಅಲ್ಲಿ ಖಾರವನ್ನು ಅರೆಯುವ ಸಾಂಪ್ರದಾಯಿಕ ಸಾಧನವೂ ಒಂದು ಕಲ್ಲೇ. ಶೇಂಗಾ ಚಟ್ನಿಯೊಡನೆ ಬಟಾಟಿ ಪಲ್ಯ ತಿಂದು ಬೆಳೆದ ಗೋಕಾಕದವರೊಬ್ಬರು ಅಲ್ಲಿಗೆ ಹೋದರೆ ಆ ತಾಟು ಅಪರಿಚಿತವೆನಿಸಲಾರದು. ಲೋಕ ಸುತ್ತುವ ಪ್ರವಾಸಿಗ ಪರಊರಿನ ಊಟದಲ್ಲಿ ತನ್ನ ಊರನ್ನು ಕಾಣುವುದು ಹೀಗೆ.

ಬೀಜ ಬಂತು, ವಿದ್ಯೆ ಬರಲಿಲ್ಲ

ಈ ಪ್ರಯಾಣದಲ್ಲಿ ನಷ್ಟವೂ ಇದೆ. ಮೆಕ್ಸಿಕೊದ ಜನ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಆಮೇಲೆ ರುಬ್ಬಿ ರೊಟ್ಟಿ ಮಾಡುತ್ತಾರೆ. ಹಾಗೆ ಮಾಡಿದಾಗ ಅದರೊಳಗಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದೊರೆಯುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಕಲಿಯಲಿಲ್ಲ. ಮೆಕ್ಕೆಜೋಳವನ್ನೇ ನಂಬಿದ ಇಟಲಿ, ಸ್ಪೇನ್‌ಗಳ ಬಡವರಿಗೂ ಮುಂದೆ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಬಡವರಿಗೂ ಪೆಲಾಗ್ರ ರೋಗ ಬಂದಿತು. ಚರ್ಮ ಒಡೆದು, ಬುದ್ಧಿ ಕಲಕಿ ಸಾವಿರಾರು ಜನ ಸತ್ತರು. ಅದು ಸೋಂಕಲ್ಲ, ಊಟದ ಕೊರತೆ ಎಂದು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು 1915ರ ಸುಮಾರಿಗೆ ತೋರಿಸಿಕೊಟ್ಟರು. ಒಂದು ಊರಿನ ಅನ್ನವನ್ನು ತರುವವರು ಆ ಊರಿನ ಅಡುಗೆಯವರ ಮಾತನ್ನೂ ಕೇಳಿಸಿಕೊಳ್ಳಬೇಕಿತ್ತು.

ಘಟಪ್ರಭೆಯ ನೀರು ಹರಿಯುವ ಈ ಸೀಮೆಯ ಹೊಲಗಳಲ್ಲಿ ಇಂದು ಕಣ್ಣು ಹಾಯಿಸಿದಷ್ಟೂ ಕಬ್ಬು, ಅಲ್ಲಲ್ಲಿ ಗೊಂಜಾಳ. ಇವೂ ಹೊರಗಿನಿಂದಲೇ ಬಂದವು, ಅದಕ್ಕಾಗಿ ದೂರಬೇಕಾಗಿಲ್ಲ. ಮೆಣಸಿನಕಾಯಿ ಬಂದಾಗ ಅದು ತಾಟಿಗೆ ಸೇರ್ಪಡೆಯಾಯಿತು, ಬದನೆಯನ್ನು ಓಡಿಸಲಿಲ್ಲ. ಈಗಿನ ವಾಣಿಜ್ಯ ಬೆಳೆಗಳು ಹೊಲವನ್ನೆಲ್ಲ ತಾವೇ ಆಕ್ರಮಿಸಿದರೆ ಹುರುಳಿ, ನವಣೆ, ಸಾವೆಗಳಿಗೆ, ಊರ ಬೀಜದ ಜೋಳಕ್ಕೆ ಜಾಗವೆಲ್ಲಿ? ಹೊಸದು ಬಂದಾಗ ಹಳೆಯದನ್ನೂ ಉಳಿಸಿಕೊಂಡದ್ದರಿಂದಲೇ ಉತ್ತರ ಕರ್ನಾಟಕದ ಊಟ ಇಷ್ಟು ರುಚಿಯಾಯಿತು.

ಕೊನೆಯ ದಿನಗಳು

ನಿವೃತ್ತಿಯ ಬಳಿಕ ಸ್ವಾಮಿಯವರು ಮೈಸೂರಿನಲ್ಲಿ ಕಳೆದ ದಿನಗಳ ಬರಹ 'ಮೈಸೂರು ಡೈರಿ'. ಬರೆಯಬೇಕೆಂದುಕೊಂಡದ್ದು ಇನ್ನೂ ಬಹಳವಿದ್ದಂತೆ ಅವರ ಬರವಣಿಗೆಯ ಕೊನೆಯ ವರ್ಷಗಳ ವೇಗ ತೋರುತ್ತದೆ. 1980ರ ನವೆಂಬರಿನಲ್ಲಿ, 62ರ ವಯಸ್ಸಿನಲ್ಲಿ ಅವರು ನಿಧನರಾದರು. ವಿಜ್ಞಾನವನ್ನು ಕನ್ನಡದಲ್ಲಿ ಬರೆದರೆ ಒಣಕಲಾಗುತ್ತದೆ ಎಂಬ ಅಂಜಿಕೆಯನ್ನು ಅವರ ಪುಸ್ತಕಗಳು ಸುಳ್ಳು ಮಾಡಿದವು. ಹಾರ್ವರ್ಡ್‌ನ ಪ್ರಯೋಗಶಾಲೆಯಲ್ಲಿ ಫಿಜಿ ದ್ವೀಪದ ಮರವನ್ನು ಸೀಳಿ ನೋಡಿದ ಕಣ್ಣೇ ಬೆಂಗಳೂರಿನ ಮನೆಯ ಸಾರಿನೊಳಗಿನ ಮೆಣಸಿನಕಾಯಿಯನ್ನೂ ಅಷ್ಟೇ ಗೌರವದಿಂದ ನೋಡಿತು.

ವಿಮಾನ ಹತ್ತಿ ಊರೂರು ಸುತ್ತಿ, ಅಲ್ಲಿನ ಊಟದ ಚಿತ್ರ ತೆಗೆದು ತರುವವರು ಇಂದು ಲೆಕ್ಕವಿಲ್ಲದಷ್ಟಿದ್ದಾರೆ. ಅಂಥವರು ಹೊರಡುವ ಮುನ್ನ ಸ್ವಾಮಿಯವರ ಈ ಪುಟ್ಟ ಪುಸ್ತಕವನ್ನೊಮ್ಮೆ ಓದುವುದು ಒಳ್ಳೆಯದು. ಮರಳಿ ಬಂದ ದಿನ ಘೋಡಗೇರಿಯಂತಹ ಒಂದು ಊರಿನಲ್ಲಿ ಕುಳಿತು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದರೆ, ಸುತ್ತಿ ಬಂದ ಖಂಡಗಳಲ್ಲಿ ಎರಡು-ಮೂರಾದರೂ ಆ ತುತ್ತಿನಲ್ಲಿ ಸಿಕ್ಕೇ ಸಿಗುತ್ತವೆ.